ಹೆಣ್ಣು ನೋಡಲು ಹೋದಾಗ ನಾನು ಒಯ್ದ ಡಬ್ಬಿ

ಆ ವರ್ಷ ನನ್ನ ಮೈಯಲ್ಲಿ ಕೊಬ್ಬು ಎಷ್ಟು ಕಡಿಮೆಯಾಗಿತ್ತೆಂದರೆ, ಕಚೇರಿಯ ಕಟ್ಟಿಗೆಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತರೆ ಎಲುಬು ಒತ್ತಿ ನೋಯುತ್ತಿತ್ತು. ಟವೆಲ್ಲು ಮಡಚಿ ಹಾಕಿಕೊಂಡು ಅದರ ಮೇಲೆ ಕೂಡುತ್ತಿದ್ದೆ. ನೋಡಿದವರು ಮೂಲವ್ಯಾಧಿ ಅಂದುಕೊಂಡರು. ಒಬ್ಬರು ಮೂಲಂಗಿ ರಸ ಕುಡಿಯಲು ಹೇಳಿದರು, ಇನ್ನೊಬ್ಬರು ಕುಷ್ಟಗಿಯ ಕಡೆ ಔಷಧಿ ಕೊಡುವವರ ವಿಳಾಸ ಹೇಳಿದರು. ನಾನು ಎಲ್ಲರಿಗೂ ತಲೆ ಆಡಿಸಿದೆ. ಬಾಡಿ ಬಿಲ್ಡಿಂಗ್ ಸ್ಪರ್ಧೆಗೆ ತಯಾರಾಗುತ್ತಿದ್ದೇನೆ ಎಂದು ಹೇಳುವುದಕ್ಕಿಂತ ಮೂಲವ್ಯಾಧಿ ಎಂದು ಒಪ್ಪಿಕೊಳ್ಳುವುದು ನನಗೆ ಸುಲಭವಾಗಿತ್ತು.

ನಾನು ಯಲಬುರ್ಗಾದ ಒಂದು ಸರ್ಕಾರಿ ಕಚೇರಿಯಲ್ಲಿ ಹೊರಗುತ್ತಿಗೆ ಮೇಲೆ ಕೆಲಸ ಮಾಡುತ್ತೇನೆ. ಬಾಗಿಲು ತೆಗೆಯುವುದು, ಫೈಲು ಒಯ್ಯುವುದು, ಚಹಾ ತರುವುದು. ಚಿಕ್ಕಂದಿನಲ್ಲಿ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು, ಆಮೇಲೆ ಇಟ್ಟಿಗೆ ಭಟ್ಟಿಯಲ್ಲಿ ದುಡಿದವನು. ಅಕ್ಷರ ಕೂಡಿಸಿ ಓದಲು ಕಲಿತಾಗ ಮೀಸೆ ಬಂದಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಕೂತಾಗ ಆ ಸಣ್ಣ ಡೆಸ್ಕಿನೊಳಗೆ ನನ್ನ ಮೊಣಕಾಲು ಹಿಡಿಸಲಿಲ್ಲ. ಪಕ್ಕದ ಹುಡುಗಿ ನನ್ನನ್ನು ಮೇಲ್ವಿಚಾರಕರು ಅಂದುಕೊಂಡು ಎದ್ದು ನಿಂತಳು. ಹೀಗೆ ಎಲ್ಲದಕ್ಕೂ ತಡವಾಗಿ ಬಂದವನಿಗೆ ಮೈಯೊಂದೇ ತಡ ಮಾಡದೆ ಮಾತು ಕೇಳಿತ್ತು. ಭಾರ ಎತ್ತಿದರೆ ತೋಳು ಬೆಳೆಯಿತು. ಅದಕ್ಕೆ ಯಾವ ಸರ್ಟಿಫಿಕೇಟೂ ಬೇಕಿರಲಿಲ್ಲ.

ನಮ್ಮ ಜಿಮ್ಮು ಇರುವುದು ಒಂದು ವೆಲ್ಡಿಂಗ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ. ಅಂಗಡಿಯೂ ಅವರದೇ, ಜಿಮ್ಮೂ ಅವರದೇ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಹಗಲೆಲ್ಲ ಗೇಟು, ಕಿಟಕಿ ಬೆಸೆದು ಸಂಜೆ ನಮಗೆ ಭಾರ ಎತ್ತಲು ಕಲಿಸುತ್ತಾರೆ. ನಮ್ಮ ಡಂಬೆಲ್ಲುಗಳಲ್ಲಿ ಅರ್ಧ ಅವರೇ ಬೆಸೆದವು.

ಅದರ ಹಿಂದಿನ ವರ್ಷ ನಾನು ನನ್ನ ಬುದ್ಧಿಯಿಂದಲೇ ಕೊಬ್ಬು ಇಳಿಸಲು ಹೋಗಿ ಕೆಟ್ಟಿದ್ದೆ. ರೊಟ್ಟಿ ಬಿಟ್ಟೆ, ಅನ್ನ ಬಿಟ್ಟೆ, ಕೋಟೆ ಗುಡ್ಡದ ಕಡೆ ಬೆಳಿಗ್ಗೆ ಸಂಜೆ ಓಡಿದೆ, ಭಾರ ಎತ್ತುವುದನ್ನು ಕಡಿಮೆ ಮಾಡಿದೆ. ತೂಕ ಸರಸರ ಇಳಿಯಿತು. ಆದರೆ ವೇದಿಕೆಯ ಮೇಲೆ ನಿಂತಾಗ ಜ್ವರದಿಂದ ಎದ್ದು ಬಂದವನ ಹಾಗೆ ಕಂಡೆ. ತೋಳು ಭುಜ ಎಲ್ಲ ಸಪಾಟಾಗಿದ್ದವು. ಅಂದು ಉಸ್ತಾದ್ ಎಲ್ಲರ ಮುಂದೆ ಬೈದರು.

"ಲೇ, ಗೋಡಿ ಸುಣ್ಣಾ ಕೆರಿ ಅಂದ್ರ ಗೋಡಿನಾ ಕೆಡವಿ ಬಂದಿಯಲ್ಲೋ! ಕೊಬ್ಬು ಹೋಗ್ಬೇಕು, ಮಾಂಸ ಉಳೀಬೇಕು. ಹಸಿವು ಇರ್ಲಿ, ಉಪಾಸ ಬ್ಯಾಡ. ಭಾರಾ ಎತ್ತೂದು ಬಿಟ್ಟಿ ಅಂದ್ರ ಮೈ ಏನ್ ತಿಳ್ಕೊಂತೈತಿ? ಈ ಮಾಂಸ ಇಂವಗ ಬ್ಯಾಡಾಗೇತಿ ಅಂತ ತಿಳ್ಕೊಂತೈತಿ."

ಹೀಗಾಗಿ ಆ ವರ್ಷ ಅವರು ಹೇಳಿದಂತೆಯೇ ನಡೆದೆ. ಊಟ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಮೊಟ್ಟೆಯ ಬಿಳಿ ಭಾಗ, ಬೇಯಿಸಿದ ಕೋಳಿ, ಮೊಳಕೆ ಹೆಸರು, ತೆಳ್ಳಗಿನ ಜೋಳದ ರೊಟ್ಟಿ, ಸೌತೆಕಾಯಿ. ರೊಟ್ಟಿ ಜೊತೆಯ ಶೇಂಗಾ ಹಿಂಡಿ ಬಂದ್, ಎಣ್ಣೆ ಬಂದ್, ಸಂಜೆಯ ಮಿರ್ಚಿ ಭಜಿ ಬಂದ್. ಭಾರ ಮಾತ್ರ ಮೊದಲಿನಷ್ಟೇ ಎತ್ತಿದೆ. ಓಡುವುದರ ಬದಲು ನಡೆದೆ. ಕೊಬ್ಬು ನಿಧಾನವಾಗಿ ಹೋಯಿತು, ತೋಳು ಉಳಿಯಿತು. ಹೊಟ್ಟೆಯ ಮೇಲೆ ಗೆರೆ ಮೂಡಿದವು, ಮುಂಗೈಯ ನರ ಹಗ್ಗದ ಹಾಗೆ ಎದ್ದು ಕಂಡವು. ಆದರೆ ಅವೆಲ್ಲ ಅಂಗಿಯ ಒಳಗೆ. ಅಂಗಿಯ ಹೊರಗೆ ಕಾಣುತ್ತಿದ್ದುದು ನನ್ನ ಮುಖವೊಂದೇ. ಅದು ಗಲ್ಲ ಒಳಗೆ ಹೋಗಿ, ಕಣ್ಣು ಗುಳಿ ಬಿದ್ದು, ಆಸ್ಪತ್ರೆಯಿಂದ ಬಂದವನ ಮುಖವಾಗಿತ್ತು.

ಸ್ಪರ್ಧೆ ಕೊಪ್ಪಳದಲ್ಲಿ, ಭಾನುವಾರ. ಅದೇ ವಾರದ ಮೊದಲಲ್ಲಿ ಕುಷ್ಟಗಿಯಿಂದ ಅಕ್ಕನ ಫೋನು ಬಂತು. ಅವ್ವ ಅಪ್ಪ ಇಬ್ಬರೂ ಇಲ್ಲದ ನನಗೆ ಅವಳೇ ಹಿರಿಯಳು.

"ಗುರುವಾರ ರಜಾ ಹಾಕಿ ಬಾ. ಹನುಮಸಾಗರದಾಗ ಒಂದ್ ಹುಡುಗಿ ಐತಿ. ಹೊಲಿಗಿ ಮಿಷನ್ ಇಟ್ಕೊಂಡಾಳ, ಭಾಳ ಛಲೋ ಹುಡುಗಿ ಅಂತ."

"ಮುಂದಿನ ವಾರ ಹೋಗೂಣು ಅಕ್ಕಾ. ಭಾನುವಾರ ನಂದು…"

"ಭಾನುವಾರ ನಿಂದೇನು? ಬರೇ ಚಡ್ಡಿ ಮ್ಯಾಲ ನಿಂದ್ರೂದು ತಾನ? ನಿನಗ ವಯಸ್ಸೆಷ್ಟಾತು, ಗೊತ್ತೈತೇನು? ಪರ್ಮನೆಂಟ್ ನೌಕರಿ ಇಲ್ಲ, ಹೊಲಾ ಇಲ್ಲ. ಹೆಣ್ಣ ತೋರಸ್ತೀವಿ ಅಂದವ್ರ ಮುಂದ ಮುಂದಿನ ವಾರ ಅಂತೀ?"

ನಮ್ಮ ಕಡೆ ನನ್ನಂಥವರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂಬುದನ್ನು ಬರೆಯುವ ಅಗತ್ಯವಿಲ್ಲ. ಅದಕ್ಕೂ ಮೊದಲು ನೋಡಿದ ಮನೆಗಳಲ್ಲಿ 'ನೌಕರಿ ಕಾಯಂ ಏನು?' ಎಂಬ ಪ್ರಶ್ನೆಯಲ್ಲಿಯೇ ಮಾತು ಮುಗಿದಿತ್ತು. ಹೋಗುತ್ತೇನೆ ಎಂದೆ. ಗುರುವಾರ ಬೆಳಿಗ್ಗೆ ಸ್ಟೀಲಿನ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಮತ್ತು ಸೌತೆಕಾಯಿ ಹೋಳು ತುಂಬಿ ಕೈಚೀಲದಲ್ಲಿ ಇಟ್ಟುಕೊಂಡೆ. ಕೊನೆಯ ವಾರವಾದ್ದರಿಂದ ಉಪ್ಪೂ ಇಲ್ಲ. ಹಿಂದಿನ ದಿನವಷ್ಟೇ ಎದೆ, ಹೊಟ್ಟೆ, ಕೈಕಾಲು ಎಲ್ಲ ಬೋಳಿಸಿಕೊಂಡಿದ್ದೆ. ಸ್ಪರ್ಧೆಯಲ್ಲಿ ಮಾಂಸಖಂಡ ಎದ್ದು ಕಾಣಲು ಎಲ್ಲರೂ ಹಾಗೆ ಮಾಡುತ್ತಾರೆ.

ಕುಷ್ಟಗಿಯಲ್ಲಿ ಅಕ್ಕ ನನ್ನನ್ನು ನೋಡಿ ಬಸ್‌ಸ್ಟ್ಯಾಂಡಿನಲ್ಲಿಯೇ ಗಲ್ಲಕ್ಕೆ ಕೈ ಹಚ್ಚಿದಳು. "ಎಪ್ಪಾ, ಏನಾಗೇತೋ ಮಾರಿ? ಬಾಯಾಗ ಸ್ವಲ್ಪ ಗಾಳಿ ತುಂಬ್ಕೊಂಡ ಕುಂದ್ರು ಅಲ್ಲಿ."

ಹನುಮಸಾಗರದ ಆ ಮನೆ ಮಣ್ಣಿನ ಗೋಡೆಯ, ಸ್ವಚ್ಛವಾದ ಮನೆ. ಪಡಸಾಲೆಯಲ್ಲಿ ಹೊಸ ಚಾಪೆ ಹಾಸಿದ್ದರು. ಹುಡುಗಿಯ ತಂದೆ ಮಾತು ಕಡಿಮೆ. ಎಲ್ಲ ಕಾರಭಾರ ಅವಳ ಸೋದರಮಾವನದು. ಉಳ್ಳಾಗಡ್ಡಿ ವ್ಯಾಪಾರದ ಆಳು, ದನಿ ದೊಡ್ಡದು. ಮೂಲೆಯಲ್ಲಿ ಗೋಡೆಗೆ ಒರಗಿ ಹುಡುಗಿಯ ಅಜ್ಜಿ ಕೂತಿದ್ದಳು.

ಹುಡುಗಿ ನೀರು ತಂದು ಕೊಟ್ಟು ಚಾಪೆಯ ಅಂಚಿಗೆ ಕೂತಳು. ಹಸಿರು ಸೀರೆ, ಕುಪ್ಪಸ ಅವಳೇ ಹೊಲಿದದ್ದಂತೆ. ಅಕ್ಕ ತನ್ನ ಕೆಲಸ ಶುರು ಮಾಡಿದಳು. ತನ್ನ ಪಕ್ಕ ಬರಿಗಾಲಲ್ಲಿ ನಿಲ್ಲಿಸಿ ಎತ್ತರ ನೋಡಿದಳು. ಬಾಗಿಲತನಕ ನಡೆದು ಬಾ ಎಂದಳು. ಆಮೇಲೆ, "ಜಡಿ ಬಿಚ್ಚವಾ, ಕೂದ್ಲ ನೋಡೂಣು. ಈಗೀಗ ಸುಳ್ಳು ಕೂದ್ಲ ಭಾಳ ಬಂದಾವ" ಎಂದಳು. ಅಕ್ಕನನ್ನು ನೋಡಲು ಬಂದವರೂ ಹಿಂದೆ ಹೀಗೆಯೇ ಮಾಡಿದ್ದರು. ಅವಳಿಗೆ ಇದು ನಡೆದು ಬಂದ ರೀತಿ. ಹುಡುಗಿ ಜಡೆ ಬಿಚ್ಚಿದಳು. ಅಕ್ಕ ಕೂದಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದಳು.

ಆಗ ನಾನು ಏನು ಮಾಡುತ್ತಿದ್ದೆ ಎಂದರೆ, ಹುಡುಗಿಯ ಭುಜ ನೋಡುತ್ತಿದ್ದೆ. ಆಸೆಯಿಂದ ಅಲ್ಲ. ತಿಂಗಳುಗಟ್ಟಲೆ ಕನ್ನಡಿಯ ಮುಂದೆ ನನ್ನ ಮೈಯನ್ನು ತುಂಡು ತುಂಡಾಗಿ ನೋಡಿಕೊಂಡದ್ದರಿಂದ ನನಗೆ ಯಾರನ್ನು ನೋಡಿದರೂ ಭುಜ, ತೋಳು, ಬೆನ್ನು ಎಂದು ಬಿಡಿಬಿಡಿಯಾಗಿಯೇ ಕಾಣುತ್ತಿತ್ತು. ಭುಜ ಅಗಲ ಇದೆ, ಮುಂಗೈ ಗಟ್ಟಿ ಇದೆ ಎಂದು ಮನಸ್ಸು ತಾನಾಗಿಯೇ ಅಳೆಯುತ್ತಿತ್ತು. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಸೌತೆಕಾಯಿ ಆರಿಸುವವನ ಹಾಗೆ ನೋಡುತ್ತಾ ಕೂತಿದ್ದೆ.

ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಅಲ್ಲಿ ಬಿದ್ದಿದ್ದ ಪೇಪರು ಕೊಟ್ಟು ಓದಲು ಹೇಳಿದಳು. ಹುಡುಗಿ ಬಿಚ್ಚಿದ ಕೂದಲು ಹಿಂದಕ್ಕೆ ಸರಿಸಿ ಓದತೊಡಗಿದಳು. ಎಲ್ಲಿಯೂ ತಡವರಿಸಲಿಲ್ಲ. ನಾನು ಈಗಲೂ ಬೆರಳು ಇಟ್ಟು ಓದುವವನು. ಅವಳ ಓದು ಕೇಳುತ್ತಿದ್ದರೆ ನೀರು ಹರಿದಂತಿತ್ತು. ಪೇಟೆ ಧಾರಣೆ ಎಲ್ಲ ಓದಿ ಮುಗಿಸಿ ಅಕ್ಕನನ್ನು ಕೇಳಿದಳು:

"ಸಾಕೇನ್ರಿ ಅಕ್ಕಾರ? ಕೆಳಗ ಬೋರ್‌ವೆಲ್ ಮೋಟಾರಿಂದು ಜಾಹೀರಾತ ಐತಿ, ಅದನೂ ಓದ್ಲೇನು?"

ನನಗೆ ನಗು ಬಂತು. ಜೋರಾಗಿಯೇ ನಕ್ಕೆ. ಅವಳೂ ಸ್ವಲ್ಪ ನಕ್ಕಳು. ಆ ಕ್ಷಣಕ್ಕೆ ನನ್ನ ಮನಸ್ಸು ಅವಳ ಮೇಲೆ ಕೂತಿತು. ಇವಳು ಮನೆಯಲ್ಲಿದ್ದರೆ ದಿನಾ ಪೇಪರು ಓದಿಸಿ ಕೇಳಬಹುದು ಎಂದು ಯೋಚಿಸಿದ್ದು ನೆನಪಿದೆ. ಇದಾದರೆ ಆಗಬೇಕು, ಇಲ್ಲದಿದ್ದರೆ ಬೇರೆ ಬೇಡ ಎನಿಸಿತು.

ಒಳಗಿನಿಂದ ತಟ್ಟೆಗಳು ಬಂದವು. ತುಪ್ಪ ಸುರಿದ ಶಿರಾ, ಒಗ್ಗರಣೆ ಹಾಕಿದ ಅವಲಕ್ಕಿ, ಗಟ್ಟಿ ಹಾಲಿನ ಚಹಾ. ನಮ್ಮ ಕಡೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಇಟ್ಟದ್ದನ್ನು ಮುಟ್ಟದೆ ಎದ್ದರೆ ಹೆಣ್ಣು ಒಪ್ಪಿಲ್ಲ ಎಂದೇ ಅರ್ಥ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಸಿವು ಬಹಳ ದಿನ ಇದ್ದರೆ ಮನುಷ್ಯನ ಬುದ್ಧಿ ಒಂದೇ ದಾರಿ ಹಿಡಿಯುತ್ತದೆ. ಈ ಶಿರಾ ತಿಂದರೆ ಇಷ್ಟು ದಿನ ಮಾಡಿದ್ದೆಲ್ಲ ಹೋಯಿತು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಹಾಗೆಂದು ಎಲ್ಲರೂ ತಿನ್ನುವಾಗ ನಾನೊಬ್ಬ ಸುಮ್ಮನೆ ಕೂತರೆ ಅವರಿಗೆ ಅವಮಾನ. ಅವರ ಜೊತೆ ನಾನೂ ಏನಾದರೂ ತಿಂದರೆ ಸರಿಹೋಗುತ್ತದೆ ಎಂದು ನನಗೆ ನಿಜವಾಗಿ ಅನಿಸಿತು. ಕೈಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಶಿರಾ ತಟ್ಟೆಯ ಪಕ್ಕ ಇಟ್ಟುಕೊಂಡೆ.

ಪಡಸಾಲೆಯಲ್ಲಿ ಮೊಟ್ಟೆಯ ವಾಸನೆ ಹರಡಿತು. ಅಕ್ಕನ ಕೈಯಲ್ಲಿದ್ದ ಅವಲಕ್ಕಿ ಬಾಯಿಗೆ ಹೋಗಲಿಲ್ಲ.

ಸೋದರಮಾವ ಕೇಳಿದ. "ಏನ್ರೀ ತಮ್ಮಾ, ನಮ್ಮ ಮನಿ ಕೂಳು ನಿಮಗ ನಡೆಯಂಗಿಲ್ಲೇನು? ಬುತ್ತಿ ಕಟ್ಕೊಂಡು ಹೆಣ್ಣ ನೋಡಾಕ ಬಂದಾವ್ರನ್ನ ಇವತ್ತ ನೋಡಿದೆ ನಾನು."

"ಹಂಗಲ್ರಿ ಮಾವಾರ. ಭಾನುವಾರ ಕೊಪ್ಪಳದಾಗ ಕಾಂಪಿಟೇಶನ್ ಐತ್ರಿ. ಸಕ್ಕರಿ, ತುಪ್ಪ, ಉಪ್ಪು ಏನೂ ನಡೆಯಂಗಿಲ್ರಿ ನನಗ."

"ಉಪ್ಪೂ ಇಲ್ಲ?" ಮೂಲೆಯಿಂದ ಅಜ್ಜಿ ಕೇಳಿದಳು. "ಉಪ್ಪ ಬಿಡಸ್ಯಾರ ಅಂದ್ರ ಕಿಡ್ನಿ ಹೋಗೇತಿ ಬಿಡು. ನಮ್ಮ ಮಗ್ಗಲ ಮನಿ ಯಜಮಾನಗ ಹಿಂಗ ಆಗಿತ್ತು. ಮಾರಿನೂ ಹಿಂಗ ಆಗಿತ್ತು, ಪಾಪ."

"ಸಕ್ಕರಿ ಬಿಡಸ್ಯಾರ, ತುಪ್ಪ ಬಿಡಸ್ಯಾರ, ಉಪ್ಪ ಬಿಡಸ್ಯಾರ. ಇನ್ನ ಯಾವ ರೋಗ ಉಳೀತು?" ಸೋದರಮಾವ ಅಕ್ಕನ ಕಡೆ ತಿರುಗಿದ. "ಏನವಾ, ಇದ್ದದ್ದ ಹೇಳ್ಬೇಕಿಲ್ಲ? ರೋಗಿಷ್ಟಗ ಹೆಣ್ಣ ಕೇಳಾಕ ಬಂದೀರಿ?"

"ರೋಗಲ್ಲ ಎಣ್ಣಾ! ಇಂವ ಬಾಡಿ ಮಾಡ್ತಾನ್ರಿ, ಬಾಡಿ. ಒಳಗ ಕಬ್ಬಿಣ ಇದ್ದಂಗ ಅದಾನ. ಮಾರಿ ನೋಡ್ಬ್ಯಾಡ್ರಿ ನೀವು."

"ಮಾರಿ ನೋಡ್ಬ್ಯಾಡ ಅಂದ್ರ ಮತ್ತೇನ ನೋಡ್ಲಿ?"

ಅಕ್ಕನಿಗೆ ಅಳು ಬರುವಂತಾಗಿತ್ತು. ನನ್ನ ಕಡೆ ತಿರುಗಿ, "ಅಂಗಿ ಬಿಚ್ಚೋ. ಬಿಚ್ಚಿ ತೋರ್ಸು ಇವ್ರಿಗೆ" ಎಂದಳು.

ನಾನು ಕೂತೇ ಇದ್ದೆ. ಸೋದರಮಾವ, "ಹೌದ ತೋರ್ಸಲಿ. ನೋಡೇ ಬಿಡೂಣು" ಎಂದ.

ಆಗ ಹುಡುಗಿ ಬಾಯಿ ಬಿಟ್ಟಳು. "ಮಾವಾ, ಬ್ಯಾಡ ಬಿಡು. ತಿನ್ನದಿದ್ರ ಬಿಡ್ಲಿ. ಮನಿಗೆ ಬಂದಾವ್ರನ್ನ ಹಂಗ ಮಾಡಬಾರದು."

"ನೀ ಒಳಗ ನಡಿ."

ಅವಳು ಒಳಗೆ ಹೋದಳು. ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಗಸರು ಹೋಗಲಿಲ್ಲ.

ಅಕ್ಕ ಕೊಡಿಸಿದ ಹೊಸ ಅಂಗಿ. ಗುಂಡಿ ಬಿಗಿಯಾಗಿದ್ದವು. ಒಂದೊಂದಾಗಿ ಬಿಚ್ಚಿದೆ, ಬನಿಯನ್ನೂ ತೆಗೆದೆ. ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೋದರಮಾವ ಎದ್ದು ಬಂದು ನನ್ನ ತೋಳು ಹಿಡಿದು ಅದುಮಿದ. ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಹಿಡಿದು ಎಳೆದ. ಸಂತೆಯಲ್ಲಿ ಹೋರಿ ಕೊಳ್ಳುವವರು ಹೀಗೆ ಮಾಡುವುದನ್ನು ನೋಡಿದ್ದೇನೆ, ಕುರಿ ಮಾರುವಾಗ ನಾನೂ ಹೀಗೆ ಹಿಡಿಸಿದ್ದೇನೆ.

ಅಜ್ಜಿ ಕಣ್ಣು ಸಣ್ಣ ಮಾಡಿ ನೋಡುತ್ತಿದ್ದಳು. "ಎದಿಮ್ಯಾಲೆ ಒಂದ ಕೂದ್ಲಿಲ್ಲಲ್ಲೋ ತಮ್ಮಾ. ಮೈಯೆಲ್ಲಾ ಬೋಳಿಸಿ ಬಂದಿ. ಯಾರ ತೀರ್ಕೊಂಡ್ರು ನಿಮ್ಮ ಮನ್ಯಾಗ? ಸೂತಕದಾಗ ಹೆಣ್ಣ ನೋಡಾಕ ಬರ್ತಾರೇನವಾ?"

"ಯಾರೂ ತೀರ್ಕೊಂಡಿಲ್ಲಬೇ ಆಯಿ" ಎಂದಳು ಅಕ್ಕ. ಅವಳ ದನಿ ಅವಳಿಗೇ ಕೇಳಿಸುವಷ್ಟಿತ್ತು.

"ತಿರುಗು" ಎಂದ ಸೋದರಮಾವ.

ಇಲ್ಲಿ ಆದದ್ದನ್ನು ಬರೆಯಲು ನನಗೆ ಬಹಳ ಹೊತ್ತು ಬೇಕಾಯಿತು. ಸ್ಪರ್ಧೆಯಲ್ಲಿ ತಿರುಗಿ ಎಂದಾಗ ಬೆನ್ನು ತೋರಿಸಿ, ಸೊಂಟಕ್ಕೆ ಕೈ ಇಟ್ಟು, ಬೆನ್ನಿನ ಮಾಂಸವನ್ನು ರೆಕ್ಕೆಯ ಹಾಗೆ ಅಗಲಿಸಿ ನಿಲ್ಲಬೇಕು. ಉಸ್ತಾದ್ ಅದನ್ನು ದಿನಾ ಮಾಡಿಸುತ್ತಿದ್ದರು. ಅವರು 'ತಿರುಗು' ಅನ್ನುವುದೇ ತಡ, ಮೈ ತಾನಾಗಿ ಮಾಡುತ್ತಿತ್ತು. ಅಂದೂ ಮಾಡಿತು. ಆ ಪಡಸಾಲೆಯಲ್ಲಿ, ಶಿರಾ ತಟ್ಟೆಗಳ ನಡುವೆ, ಪ್ಯಾಂಟು ತೊಟ್ಟು ಬರಿಮೈಯಲ್ಲಿ, ಗೋಡೆಯ ಮೇಲಿನ ದೇವರ ಫೋಟೋಗಳಿಗೆ ಮುಖ ಮಾಡಿ ನಾನು ರೆಕ್ಕೆ ಬಿಚ್ಚಿ ನಿಂತೆ. ಕಾಲ ಹಿಮ್ಮಡಿಯನ್ನೂ ಎತ್ತಿದ್ದೆ, ಮೀನಖಂಡ ಕಾಣಲೆಂದು. ಯಾರೂ ನಗಲಿಲ್ಲ. ನಾನು ಏನು ಮಾಡುತ್ತಿದ್ದೇನೆ ಎಂದು ನನಗೆ ತಿಳಿದ ಮೇಲೆಯೂ ಕೈ ಇಳಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕುಷ್ಟಗಿ ಹತ್ತಿರ ಬಂದಾಗ ಒಂದೇ ಮಾತು ಅಂದಳು. "ನಾಕ ಚಮಚಾ ಶಿರಾ ತಿಂದಿದ್ರ ಸಾಯ್ತಿದ್ಯೇನೋ?"

ಸಂಜೆ ಉಸ್ತಾದರಿಗೆ ಎಲ್ಲ ಹೇಳಿದೆ. ಅವರು ನನ್ನನ್ನು ಹೊಗಳಬಹುದು ಎಂಬ ಆಸೆ ಎಲ್ಲೋ ಇತ್ತು. ಅವರು ವೆಲ್ಡಿಂಗ್ ಕನ್ನಡಕ ಹಣೆಗೆ ಏರಿಸಿ ನನ್ನನ್ನೇ ನೋಡಿದರು.

"ಹುಚ್ಚ ಅದೀ ಏನ್ ಲೇ ನೀನು? ನಾಕ ಚಮಚಾ ಶಿರಾದಾಗ ಏನ್ ಹೋಗ್ತಿತ್ತು? ಒಂದ ತಾಸ ನಡದಿದ್ರ ಮುಗೀತಿತ್ತು. ತಿಂಗಳಾನುಗಟ್ಲೆ ಮಾಡಿದ್ದು ಒಂದ ತಾಟಿನಾಗ ಕೆಡ್ತೈತೇನು? ನಾ ಹೇಳಿದ್ದು ದಿನಾ ತಿನ್ನಬ್ಯಾಡ ಅಂತ. ಮಂದಿ ಮನ್ಯಾಗ ಮರ್ಯಾದಿ ಬಿಡು ಅಂತ ಹೇಳಿದ್ನೇನು?"

ಅಷ್ಟು ದಿನ ನಾನು ಕೊಬ್ಬು ಇಳಿಸುವ ವಿದ್ಯೆ ಕಲಿತಿದ್ದೇನೆ ಎಂದುಕೊಂಡಿದ್ದೆ. ನಾನು ಕಲಿತದ್ದು ಬರೀ ಹೆದರಿಕೆ ಎಂದು ಅಂದು ಅನಿಸಿತು.

ಭಾನುವಾರ ಕೊಪ್ಪಳಕ್ಕೆ ಹೋದೆ. ಮೈಗೆ ಕಂದು ಬಣ್ಣ ಬಳಿದುಕೊಂಡು, ಎಣ್ಣೆ ಹಚ್ಚಿಕೊಂಡು ನಿಂತೆ. ಮೈ ನಿಜವಾಗಿ ಚೆನ್ನಾಗಿ ಬಂದಿತ್ತು. ಗಂಗಾವತಿಯಿಂದ ಬಂದಿದ್ದವನೊಬ್ಬ ನನಗಿಂತ ದೊಡ್ಡವನಿದ್ದ, ಅವನು ಮೊದಲು ಬಂದ. ನಾನು ಎರಡನೆಯವನಾದೆ. ಬಹುಮಾನದ ಕಪ್ಪು ಹಿಡಿದುಕೊಂಡು ನಿಂತ ನನ್ನ ಫೋಟೋ ಹೊಡೆದು ಜಿಮ್ಮಿನ ಹುಡುಗರು ಎಲ್ಲ ಕಡೆ ಕಳಿಸಿದರು. ಅಕ್ಕನಿಗೂ ಹೋಯಿತು.

ಮರುದಿನ ಬೆಳಿಗ್ಗೆ ಅಕ್ಕನ ಫೋನು. ದನಿಯಲ್ಲಿ ಹಬ್ಬ.

"ನಿನ್ನ ಫೋಟೋ ಹನುಮಸಾಗರಕ್ಕ ಕಳಿಸಿದ್ನೆಪಾ! ಹುಡುಗಿ ಮಾವಗ. ರೋಗಿಷ್ಟ ಅಂದಿದ್ರೆಲ್ಲ, ಈಗ ನೋಡ್ರಿ ಅಂತ ಬರದೂ ಹಾಕೀನಿ."

"ಅಕ್ಕಾ, ಚಡ್ಡಿ ಮ್ಯಾಗಿನ ಫೋಟೋನಾ?"

"ಮತ್ತ್ಯಾವುದ? ಆಂವ ತನ್ನ ಗೆಳ್ಯಾರಿಗೆಲ್ಲಾ ಕಳಿಸ್ಯಾನಂತ. ಈಗ ಫೋನ್ ಮಾಡಿದ್ದ. 'ಹುಡುಗ ಗಟ್ಟಿ ಅದಾನವಾ, ನಮ್ದು ತಪ್ಪಾತು, ನಮ್ಮ ಕಡಿಂದ ಹೂಂ' ಅಂದಾನ. ಹೊಳ್ಳಿ ಒಂದ ದಿನ ಬಂದು ಸಕ್ಕರಿ ತಿಂದು ಮಾತ ಗಟ್ಟಿ ಮಾಡಿ ಹೋಗ್ರಿ ಅಂತ."

ಫೋನು ಇಟ್ಟ ಮೇಲೆ ಕಚೇರಿಯ ಹಿತ್ತಲಿಗೆ ಹೋಗಿ ಒಬ್ಬನೇ ನಿಂತೆ. ಹನುಮಸಾಗರದ ಅಂಗಡಿ ಕಟ್ಟೆಗಳಲ್ಲಿ ನನ್ನ ಬರಿಮೈ ಕೈಯಿಂದ ಕೈಗೆ ಹೋಗುತ್ತಿರುವುದು ನೆನೆದು ಕಿವಿ ಬಿಸಿಯಾದವು. ಆದರೂ ಒಳಗೆ ಸಂತೋಷವಾಗಿತ್ತು. ಅಂದು ಒಂದು ತಾಟು ಮಿರ್ಚಿ ತರಿಸಿ ಕಚೇರಿಯವರಿಗೆಲ್ಲ ಹಂಚಿದೆ. ಯಾಕೆ ಎಂದು ಹೇಳಲಿಲ್ಲ. ಮೂಲವ್ಯಾಧಿ ವಾಸಿಯಾಗಿರಬೇಕು ಎಂದು ಅವರೇ ತೀರ್ಮಾನಿಸಿದರು.

ಮಧ್ಯಾಹ್ನ ಹೊಸ ನಂಬರಿನಿಂದ ಫೋನು ಬಂತು. ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರದ ಸದ್ದು. ಅದು ನಿಂತಿತು.

"ನಾನ್ರಿ. ಹನುಮಸಾಗರದಿಂದ. ನಿಮ್ಮ ನಂಬರ್ ಮಾವನ ಫೋನಿನಾಗ ನೋಡಿ ತೊಗೊಂಡೆ. ಮಾತಾಡ್ಲೇನ್ರಿ?"

"ಹಾಂ, ಮಾತಾಡ್ರಿ."

"ನಮ್ಮ ಮನ್ಯಾಗ ಹೂಂ ಅಂದಾರ. ನಿಮಗ ಗೊತ್ತಾಗಿರಬೇಕು. ನನಗ ಮನಸ್ಸಿಲ್ರಿ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಡಬ್ಬಿ ತಂದಿದ್ದಕ್ಕಲ್ರಿ. ಅದಕ್ಕ ನನಗ ನಗೀನ ಬಂತು. ಆದ್ರ ನಿಮ್ಮ ಅಕ್ಕಾರು ಜಡಿ ಬಿಚ್ಚಸಾಗ ನಿಮ್ಮ ಮಾರಿ ನೋಡಿದೆ ನಾನು. ಇವ್ರಾದ್ರೂ ಬ್ಯಾಡ ಅಂತಾರೇನೋ ಅಂತ. ಏನ್ ನೋಡಾಕತ್ತಿದ್ರಿ ನೀವು ಅವಾಗ?"

ಸುಳ್ಳು ಹೇಳಬಹುದಿತ್ತು. ನನಗೆ ಅಷ್ಟು ಬೇಗ ಸುಳ್ಳು ಹೊಳೆಯುವುದಿಲ್ಲ. "ನಿಮ್ಮ ಭುಜಾ ನೋಡಾಕತ್ತಿದ್ದೆ" ಎಂದೆ. "ಭುಜಾ ಛಲೋ ಅದಾವು ಅಂತ. ಜಿಮ್ಮಿನಾಗ ನೋಡ್ತೇವಲ್ರಿ, ಹಂಗ."

"ಅಂದ್ರ ನಮ್ಮ ಮಾವ ನಿಮ್ಮನ್ನ ನೋಡಿದಂಗ" ಎಂದಳು. ಬೈಯುವ ದನಿಯಲ್ಲ. ಬಟ್ಟೆ ಅಳತೆ ಹೇಳುವವರ ದನಿ.

"ಹೌದ್ರಿ" ಎಂದೆ.

"ನನಗ ಒಂದ ಉಪಕಾರ ಆಗ್ಬೇಕ್ರಿ. ನಾ ಒಲ್ಲೆ ಅಂದ್ರ ಇಲ್ಲಿ ಯಾರೂ ಕೇಳಂಗಿಲ್ಲ. ಹುಡುಗ ಗಟ್ಟಿ ಅದಾನ, ನಿನಗೇನ ಧಾಡಿ ಅಂತಾರ. ನೀವಾ ಒಲ್ಲೆ ಅಂದುಬಿಡ್ರಿ. ನೀವು ಶಿರಾ ಮುಟ್ಟಿಲ್ಲ, ಹೌದಿರಬೇಕು ಅಂತ ನಂಬ್ತಾರ."

"ಏನಂತ ಹೇಳ್ಲಿ?"

"ಏನರ ಒಂದ ಹೇಳ್ರಿ. ಬಂದಾವ್ರು ಎಲ್ಲಾರೂ ಏನರ ಒಂದ ಹೇಳೇ ಹೋಗ್ಯಾರ. ನಿಮಗ ತಿಳಿದಿದ್ದ ಹೇಳ್ರಿ."

ಆಗಲಿ ಎಂದೆ. ಅವಳು, "ಎರಡನೇ ನಂಬರ್ ಬಂದೀರಂತ, ಛಲೋ ಆತ್ರಿ" ಎಂದಳು. ಅದನ್ನು ಮನಸಾರೆಯೇ ಹೇಳಿದಳು. ಯಂತ್ರದ ಸದ್ದು ಮತ್ತೆ ಶುರುವಾಯಿತು, ಫೋನು ನಿಂತಿತು.

ಆ ವಾರವೇ ಕುಷ್ಟಗಿಗೆ ಹೋದೆ. ಫೋನಿನಲ್ಲಿ ಹೇಳುವ ಧೈರ್ಯ ಇರಲಿಲ್ಲ. ಅಕ್ಕ ನನಗಾಗಿ ರೊಟ್ಟಿ ಬಡಿಯುತ್ತಿದ್ದಳು. ಇನ್ನಾದರೂ ಸರಿಯಾಗಿ ಉಣ್ಣು ಎಂದು ಎಣ್ಣೆಗಾಯಿ ಮಾಡಿದ್ದಳು. ನಾನು ತಾಟಿನ ಮುಂದೆ ಕೂತು, "ಅಕ್ಕಾ, ಆ ಹುಡುಗಿ ನನಗ ಬ್ಯಾಡ" ಎಂದೆ.

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. "ಯಾಕ? ಏನ್ ಕೊರತಿ ಐತಿ ಆಕಿಗೆ?"

"ಆಕಿಗೇನೂ ಇಲ್ಲ. ಕೊರತಿ ನಂದ ಐತಿ."

"ನಿಂದೇನ ಐತೋ ಕೊರತಿ? ಖರೇನ ರೋಗ ಐತೇನು? ಹಂಗಿದ್ರ ಈಗ ಹೇಳು. ಇನ್ನ ಎಲ್ಲೂ ಹೆಣ್ಣ ನೋಡಂಗಿಲ್ಲ ನಾನು, ಅಲ್ಲೀಗೆ ಮುಗೀತು."

ಹೂಂ ಅಂದರೆ ಸಾಕಿತ್ತು. ಸಕ್ಕರೆ ಕಾಯಿಲೆ ಇದೆ ಎಂದು ಒಂದು ಮಾತು. ತಪ್ಪೆಲ್ಲ ನನ್ನ ಮೇಲೆ ಬರುತ್ತಿತ್ತು, ಹುಡುಗಿಗೆ ಯಾವ ಹೆಸರೂ ಬರುತ್ತಿರಲಿಲ್ಲ. ಹನುಮಸಾಗರದವರು ಬದುಕಿದೆವು ಎಂದು ನಿಟ್ಟುಸಿರು ಬಿಡುತ್ತಿದ್ದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಅದನ್ನೇ ಯೋಚಿಸಿಕೊಂಡು ಬಂದಿದ್ದೆ. ಆದರೆ ಅಕ್ಕ 'ಇನ್ನ ಎಲ್ಲೂ ನೋಡಂಗಿಲ್ಲ' ಅಂದ ಕೂಡಲೇ ಆ ಸುಳ್ಳು ಬಿಟ್ಟೆ. ಮುಂದೆ ಯಾರೂ ಹೆಣ್ಣು ಕೊಡುವುದಿಲ್ಲ ಎಂಬುದೊಂದೇ ಕಣ್ಣ ಮುಂದೆ ಬಂತು.

"ಇಲ್ಲ, ರೋಗ ಗೀಗ ಏನೂ ಇಲ್ಲ" ಎಂದೆ.

"ಮತ್ತ? ಕೂದ್ಲೇನು? ಜಡಿ ಸಣ್ಣದಾತು ಅಂತೀ? ನಾನೂ ಅವತ್ತ ಅಂದ್ಕೊಂಡೆ, ಸ್ವಲ್ಪ ತೆಳ್ಳಗ ಐತಿ ಅಂತ."

ನಾನು ಹೌದೆಂಬಂತೆ ತಲೆ ಆಡಿಸಿದೆ.

ಅವಳು ಕೈ ಒರೆಸಿಕೊಂಡು ಅಲ್ಲಿಯೇ ನನ್ನ ಮುಂದೆಯೇ ಫೋನು ಹಚ್ಚಿದಳು. "ಎಣ್ಣಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹುಡುಗಗ ಜಡಿ ಮನಸ್ಸಿಗಿ ಬರ್ಲಿಲ್ಲಂತ್ರಿ" ಎಂದಳು. ಆ ಕಡೆಯಿಂದ ಸೋದರಮಾವನ ದೊಡ್ಡ ದನಿ ನನಗೂ ಕೇಳಿಸಿತು. ಅವನು ಫೋನು ಬಾಯಿಂದ ಸರಿಸದೆಯೇ ಮನೆಯ ಒಳಗಿನವರಿಗೆ ಕೂಗಿ ಹೇಳುತ್ತಿದ್ದ, ಜಡೆಯ ಮಾತನ್ನೇ. ಅಲ್ಲಿ ಹೊಲಿಗೆ ಯಂತ್ರ ನಡೆಯುತ್ತಲೇ ಇತ್ತು.

ಅಕ್ಕ ಬಿಸಿ ರೊಟ್ಟಿ ತಂದು ಹಾಕಿದಳು. ನಾನು ಉಂಡೆ.